ಕಡಸುಗಳಿಗೆ ಅನುಮತಿಯಿಲ್ಲದೆ ಕನಿಕರ ಉಣಿಸುವ ಕುರಿತು

ಎಮ್ಮೆ ಪೋಷಣಾ ಸಂಶೋಧನಾ ವಿಭಾಗ
ಸಂಖ್ಯೆ: ಎಪೋಸಂ/ಕಡಸು/ಕನಿಕರ/ತಿದ್ದುಪಡಿ-೪

ವಿಷಯ: ಬೆಳೆಯುವ ಎಮ್ಮೆ ಕಡಸುಗಳ ಪೂರಕ ಆಹಾರದಲ್ಲಿ ಲೆಕ್ಕಕ್ಕೆ ಸಿಗದ ಪದಾರ್ಥ ಸೇರಿರುವ ಬಗ್ಗೆ.

ಉಲ್ಲೇಖ: ೧. ಆರು ತಿಂಗಳ ತೂಕದ ಪಟ್ಟಿ. ೨. ಮೇವು ಹಾಕುವ ದೊಡ್ಡಕ್ಕನವರ ವಿವರಣೆ (ಕಾಗದದ ಒಂದು ಮೂಲೆಯನ್ನು ಏಳನೇ ಕಡಸು ತಿಂದಿದೆ).

ಪ್ರಯೋಗದ ಮೊದಲನೇ ಗುಂಪಿನ ಹತ್ತು ಕಡಸುಗಳಿಗೆ ಹಿಂಡಿ, ಬೂಸಾದ ಜೊತೆ ಖನಿಜ ಮಿಶ್ರಣವನ್ನೂ, ಎರಡನೇ ಗುಂಪಿನ ಹತ್ತಕ್ಕೆ ಬರೀ ಹಿಂಡಿ, ಬೂಸಾವನ್ನೂ ನೀಡಲು ಆದೇಶಿಸಲಾಗಿತ್ತು. ಆರು ತಿಂಗಳ ನಂತರ ತೂಗಿದಾಗ ಎರಡೂ ಗುಂಪು ಸಮವಾಗಿ ಬೆಳೆದು ವಿಭಾಗದ ಮಾನ ಕಳೆದಿವೆ. ವಿಚಾರಣೆಯಲ್ಲಿ, ದೊಡ್ಡಕ್ಕನವರು ಎರಡೂ ಗುಂಪಿನ ಬುಟ್ಟಿಗಳನ್ನು ಒಂದೇ ಕಡೆ ಸುರಿದು ಕಲಸಿ ಹಂಚುತ್ತಿದ್ದುದು ಬೆಳಕಿಗೆ ಬಂದಿದೆ. ಅವರ ವಿವರಣೆ ಯಥಾವತ್ತಾಗಿ ಹೀಗಿದೆ: "ಒಂದೇ ಸಾಲಲ್ಲಿ ಕಟ್ಟಿ ಪಂಕ್ತಿಭೇದ ಮಾಡು ಅಂದ್ರೆ ನನ್ನ ಕೈಲಾಗಲ್ಲ ಸಾರ್. ಅವು ತಿಂತಾ ಇದ್ರೆ ಇವು ಬಾಯಿ ಬಾಯಿ ಬಿಡ್ತವೆ. ನಿಮ್ಮ ಮನೇಲಿ ಹಿರೀಮಗಳಿಗೆ ತುಪ್ಪ ಹಾಕಿ ಕಿರೀಮಗಳಿಗೆ ಬರೀ ಅನ್ನ ಇಡ್ತೀರಾ?"

ಈ ಪ್ರಶ್ನೆಗೆ ಉತ್ತರಿಸಲು ಮೂವರ ಸಮಿತಿ ರಚಿಸಲಾಗಿದ್ದು, ವರದಿ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಇನ್ನು ಮುಂದೆ ಕನಿಕರವನ್ನು ಪೂರಕ ಆಹಾರವೆಂದೇ ಪರಿಗಣಿಸತಕ್ಕದ್ದು. ಉಗ್ರಾಣದ ಚೀಟಿಯಿಲ್ಲದೆ ಯಾರೂ ಮರುಗತಕ್ಕದ್ದಲ್ಲ.

೨. ಮೇವು ಹಾಕುವಾಗ ಕಡಸಿನ ಕಣ್ಣು ನೋಡದೆ ಸೂರು ನೋಡತಕ್ಕದ್ದು. ಇದನ್ನು ಮಾಡಿ ತೋರಿಸುತ್ತ ನಡೆದ ಮೇಲ್ವಿಚಾರಕರು ಗಂಜಲದ ಚರಂಡಿಗೆ ಬಿದ್ದಿದ್ದು, ಅದನ್ನು ಕರ್ತವ್ಯದ ಮೇಲಿನ ಪ್ರಯಾಣವೆಂದು ದಾಖಲಿಸಲಾಗಿದೆ.

೩. ಕಡಸುಗಳನ್ನು ಸಂಖ್ಯೆಯಿಂದಲೇ ಕರೆಯತಕ್ಕದ್ದು. 'ನನ್ನವ್ವ', 'ಬಂಗಾರಿ', 'ಪುಟ್ಟಿ' ಎಂಬ ಪದಗಳನ್ನು ನಿಷೇಧಿಸಲಾಗಿದೆ. 'ಸೋಮಾರಿ' ಎನ್ನಬಹುದು, ಅದರಲ್ಲಿ ಯಾವುದೇ ಪೋಷಕಾಂಶ ಕಂಡುಬಂದಿಲ್ಲ.

೪. ಕಡಸಿನ ಕತ್ತಿನಡಿ ತುರಿಸುವವರು ಎಷ್ಟು ಉಗುರುಗಳಿಂದ, ಎಷ್ಟು ಹೊತ್ತು ತುರಿಸಿದರೆಂದು ವಹಿಯಲ್ಲಿ ಬರೆಯತಕ್ಕದ್ದು. ಕಡಸು ತಾನಾಗಿ ಕತ್ತು ಚಾಚಿದಲ್ಲಿ ಅದರಿಂದ ಲಿಖಿತ ಮನವಿ ಪಡೆಯತಕ್ಕದ್ದು.

೫. ಗುಂಪುಗಳ ನಡುವೆ ಕಟ್ಟಿದ್ದ ಗೋಣಿಪರದೆಯನ್ನು ಏಳನೇ ಕಡಸು ತಿಂದಿರುವುದರಿಂದ, ಪರದೆಯನ್ನು ಒಣಮೇವಿನ ಪಟ್ಟಿಗೆ ಸೇರಿಸಲಾಗಿದೆ. ಸಮಾನತೆ ಕಾಯ್ದುಕೊಳ್ಳಲು ಉಳಿದ ಹತ್ತೊಂಬತ್ತಕ್ಕೂ ತಲಾ ಒಂದು ಪರದೆ ಒದಗಿಸತಕ್ಕದ್ದು.

೬. ತಿದ್ದುಪಡಿ-೩ರಂತೆ ದೊಡ್ಡಕ್ಕನವರನ್ನು ಕಡತಗಳ ಕೋಣೆಗೆ ವರ್ಗಾಯಿಸಲಾಗಿತ್ತು. ಅಂದಿನಿಂದ ಇಪ್ಪತ್ತೂ ಕಡಸುಗಳು ಗೋದಲಿಗೆ ಮೂತಿ ಇಡದೆ ಬಾಗಿಲು ನೋಡುತ್ತ ನಿಂತಿವೆ. ಮೊದಲ ದಿನ ಬೆಲ್ಲ ಬೆರೆಸಲಾಯಿತು. ಎರಡನೇ ದಿನ ಮೇಲ್ವಿಚಾರಕರು ದೊಡ್ಡಕ್ಕನವರ ಹಳೇ ಸೀರೆ ಉಟ್ಟು ಬಂದರು. ಕಡಸುಗಳು ಒಮ್ಮೆ ಮೂಸಿ ಮುಖ ತಿರುಗಿಸಿದವು. ಮೂರನೇ ದಿನ ಪಕ್ಕೆಲುಬು ಕಾಣತೊಡಗಿ ಪಶುವೈದ್ಯರು ಗಾಬರಿಯಾದರು. ದೊಡ್ಡಕ್ಕನವರೂ ಕಡತಗಳ ಕೋಣೆಯಲ್ಲಿ ಬುತ್ತಿ ಬಿಚ್ಚಿಲ್ಲವೆಂದು ಜವಾನರು ವರದಿ ಮಾಡಿದ್ದಾರೆ. ಈ ಎರಡು ಸಂಗತಿಗಳ ನಡುವಿನ ಸಂಬಂಧವನ್ನು ಅಳೆಯುವ ಉಪಕರಣ ವಿಭಾಗದಲ್ಲಿ ಲಭ್ಯವಿಲ್ಲ.

೭. ಆದಕಾರಣ ವರ್ಗಾವಣೆಯನ್ನು ರದ್ದುಪಡಿಸಿ ದೊಡ್ಡಕ್ಕನವರನ್ನು ಈ ಮೂಲಕ ಕೊಟ್ಟಿಗೆಗೆ ಮರಳಲು ಬೇಡಿಕೊಳ್ಳಲಾಗಿದೆ. "ಬುಟ್ಟಿ ಒಂದೇ ಇರ್ಬೇಕು" ಎಂಬ ಅವರ ಷರತ್ತನ್ನು ಒಪ್ಪಲಾಗಿದೆ. ಒಂದರಿಂದ ಐದರವರೆಗಿನ ನಿಯಮಗಳು ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಅನ್ವಯಿಸುತ್ತವೆ.

೮. ಪ್ರಯೋಗದ ಶೀರ್ಷಿಕೆಯನ್ನು 'ದೊಡ್ಡಕ್ಕ ಇದ್ದಾಗ ಮತ್ತು ಇಲ್ಲದಿದ್ದಾಗ ಕಡಸುಗಳ ಬೆಳವಣಿಗೆ' ಎಂದು ಬದಲಿಸಲಾಗಿದೆ. ಎರಡನೇ ಭಾಗವನ್ನು ಮತ್ತೊಮ್ಮೆ ನಡೆಸುವ ಧೈರ್ಯ ಯಾರಿಗೂ ಇಲ್ಲದಿರುವುದರಿಂದ, ಮೂರು ದಿನದ ಅಂಕಿಅಂಶವನ್ನೇ ಅಂತಿಮವೆಂದು ಭಾವಿಸತಕ್ಕದ್ದು.

ಸಹಿ/-
ಮುಖ್ಯಾಧಿಕಾರಿ, ಕಡಸು ಪೋಷಣೆ

ಪ್ರತಿಗಳು:
೧. ಉಗ್ರಾಣಪಾಲಕರಿಗೆ: ಒಂದು ಬುಟ್ಟಿ ಹಿಂಪಡೆಯಲು.
೨. ಮೇಲ್ವಿಚಾರಕರಿಗೆ: ಸೀರೆ ಒಗೆದು ಹಿಂದಿರುಗಿಸಲು.
೩. ಮೂವರ ಸಮಿತಿಗೆ: ತಂತಮ್ಮ ಮನೆಯಲ್ಲಿ ವಿಚಾರಿಸಿ ಬರಲು.
೪. ದೊಡ್ಡಕ್ಕನವರಿಗೆ: ಕಡಸುಗಳಿಗೆ ಓದಿ ಹೇಳಲು. ಮುಂದಿನ ವರ್ಷ ತಮ್ಮ ನಿವೃತ್ತಿ ಇರುವ ವಿಷಯವನ್ನು ದಯಮಾಡಿ ಅವುಗಳ ಮುಂದೆ ಎತ್ತಬಾರದು, ನಮ್ಮ ಮುಂದೆಯೂ.