ಸಕ್ಕರೆಯ ಸರಪಳಿ, ಹುಲಿಗೆಮ್ಮನ ಕೈ

ಗೊತ್ತಿದ್ದನ್ನು ಕೇಳದವರಿಗೂ ಹೇಳುವುದು ನನ್ನ ಹಳೆಯ ಚಟ. ಕುರುಗೋಡಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ರಸಾಯನಶಾಸ್ತ್ರ ಹೇಳಿದವನಿಗೆ ಮನೆಯವರೆಲ್ಲ ಹಿಂದಿನ ಬೆಂಚಿನ ವಿದ್ಯಾರ್ಥಿಗಳಂತೆಯೇ ಕಾಣುತ್ತಾರೆ. ಬಳ್ಳಾರಿಯ ನಮ್ಮ ಮನೆಯಲ್ಲಿ ಹೆಂಡತಿ ಇದಕ್ಕೆ ಒಗ್ಗಿಹೋಗಿದ್ದಾಳೆ. ನಾನು ಬಾಯಿ ತೆರೆದರೆ ಆಕೆ ಮಿಕ್ಸಿ ಚಾಲೂ ಮಾಡುತ್ತಾಳೆ. ಸಿಕ್ಕಿಬಿದ್ದವಳು ಆಕೆಯ ತಂಗಿ ಹುಲಿಗೆಮ್ಮ.

ಸಿರುಗುಪ್ಪದ ಕಡೆ ಕರೂರಿನಲ್ಲಿ ಭತ್ತದ ನಾಟಿಗೆ ಹೋಗುವ ಹುಲಿಗೆಮ್ಮನ ಕೈ ಕೆಸರಿನಲ್ಲಿ ನೆನೆದು ನೆನೆದು ಒಡೆಯುತ್ತಿತ್ತು. ನಮ್ಮಲ್ಲಿಗೆ ಬಂದಾಗಲೂ ಲೋಳೆಸರ ಸೀಳಿ ಹಚ್ಚಿಕೊಳ್ಳುತ್ತಿದ್ದಳು. ನಾನು ಸುಮ್ಮನಿರಬಹುದಿತ್ತು. ಆ ಲೋಳೆಯಲ್ಲಿರುವುದು ಸಕ್ಕರೆಯ ಅಣುಗಳು ಬೆಸೆದುಕೊಂಡ ಉದ್ದನೆಯ ಸರಪಳಿ, ಚರ್ಮವೋ ಇಟ್ಟಿಗೆ ಜೋಡಿಸಿ ಕೊಬ್ಬಿನ ಗಾರೆ ಮೆತ್ತಿದ ಗೋಡೆ, ಅಷ್ಟು ದೊಡ್ಡದು ಒಳಗೆ ತೂರುವುದೇ ಇಲ್ಲ, ಸುಮ್ಮನೆ ಗಿಡ ಹಾಳು ಎಂದು ಅರ್ಧ ಗಂಟೆ ವಿವರಿಸಿದೆ. ಆಕೆ ಎದ್ದು ಕೈ ತೊಳೆದುಕೊಂಡಳು. ನನ್ನ ಪಾಠವನ್ನು ಒಬ್ಬರು ಪಾಲಿಸಿದ್ದು ಅದೇ ಮೊದಲು; ಒಳಗೊಳಗೇ ಹಿಗ್ಗಿದೆ.

ಮೂರು ವಾರಕ್ಕೆ ಕರೂರಿನಿಂದ ಫೋನು ಬಂತು. ಬಿರುಕಿನಲ್ಲಿ ಕೀವಾಗಿ ಆಕೆಗೆ ಅನ್ನ ಕಲಸಿಕೊಳ್ಳಲೂ ಆಗುತ್ತಿರಲಿಲ್ಲ, ನಾಟಿ ಕೆಲಸವೂ ತಪ್ಪಿತ್ತು. ಬಳ್ಳಾರಿಗೆ ಕರೆಸಿ ಚರ್ಮದ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಮೊದಲು ಏನು ಹಚ್ಚುತ್ತಿದ್ದೆ, ಯಾಕೆ ಬಿಟ್ಟೆ ಎಂದು ಅವರು ಕೇಳಿದರು. ಹುಲಿಗೆಮ್ಮ ನೆಲ ನೋಡಿದಳೇ ಹೊರತು ನನ್ನ ಹೆಸರು ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಬಿಡಿಸಿದವನು ನಾನೇ ಎಂದು ಒಪ್ಪಿಕೊಂಡು, ಆದರೂ ಅಷ್ಟು ದೊಡ್ಡ ಅಣು ಒಳಗೆ ಹೋಗುವುದಾದರೂ ಹೇಗೆ ಎಂದು ಕೇಳಿಯೇಬಿಟ್ಟೆ.

"ಒಳಗ ಹೋಗಲೇಬೇಕಂತ ಏನೈತ್ರಿ ಸರ್?" ಎಂದರು ಡಾಕ್ಟರಮ್ಮ. "ಮ್ಯಾಲ ಕುಂತು ನೀರು ಹಿಡಕಂಡ್ರೂ ಚರ್ಮ ಮೆತ್ತಗ ಇರತೈತಿ."

ಸರಪಳಿ ತುಂಡಾದರೆ ಸಣ್ಣ ತುಣುಕುಗಳು ಅಷ್ಟಿಷ್ಟು ಇಳಿಯಬಹುದಂತೆ. ಯಾವ ದಾರಿಯಲ್ಲಿ ಎಂಬುದನ್ನು ಬಲ್ಲವರೇ ಇನ್ನೂ ಹುಡುಕುತ್ತಿದ್ದಾರಂತೆ. ಅಲ್ಲದೆ ಬಿರುಕು ಬಿಟ್ಟ ಕಡೆ ಗೋಡೆಯೇ ಇಲ್ಲವಲ್ಲ! ಗಟ್ಟಿ ಚರ್ಮದ ಪಾಠವನ್ನು ನಾನು ಒಡೆದ ಕೈಗೆ ಹೇಳಿದ್ದೆ. ಯಾವ ದಾರಿ, ಎಷ್ಟು ಸಣ್ಣ ತುಣುಕು ಎಂದು ಇನ್ನೂ ಕೇಳುತ್ತಿದ್ದೆ; ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟಿದರು. ಕೀವು ಆರುವತನಕ ಮುಲಾಮು, ಆಮೇಲೆ ಬೇಕಾದರೆ ಲೋಳೆಸರ ಎಂದು ಹೇಳಿ ಡಾಕ್ಟರಮ್ಮ ನಮ್ಮನ್ನು ಕಳಿಸಿದರು.

ಕೈ ವಾಸಿಯಾದ ಮೇಲೆ ಕರೂರಿಗೆ ಹೋಗಿ, ತಪ್ಪಾಯಿತು ಎಂದೆ. ಹುಲಿಗೆಮ್ಮ ಚಹಾ ಕೊಟ್ಟು ಮೆಲ್ಲಗೆ ಹೇಳಿದಳು: "ಬಿಡ್ರಿ ಭಾವ, ನಿಮ್ದೇನೈತಿ. ನಿಮ್ಮ ಮಾತು ಕೇಳಿದ್ದು ನನ್ನ ತಪ್ಪು."

ನನ್ನನ್ನು ಸಮಾಧಾನಪಡಿಸಲೆಂದೇ ಆಡಿದ ಮಾತು ಅದು. ಬಳ್ಳಾರಿಯವರೆಗೂ ಬಸ್ಸಿನಲ್ಲಿ ಕೂತು ಹುಡುಕಿದೆ. ಸಮಾಧಾನ ಅದರಲ್ಲಿ ಎಲ್ಲಿದೆಯೋ ಸಿಗಲಿಲ್ಲ.