ಪಟದಣ್ಣನ ರಬ್ಬರಿಗೆ ಸಿಕ್ಕ ಯುದ್ಧ

ತಪ್ಪೆಲ್ಲ ರಬ್ಬರಿನದು ಎಂದು ಪಟದಣ್ಣ ಇವತ್ತಿಗೂ ಹೇಳುತ್ತಾನೆ. ಇಪ್ಪತ್ತೆರಡು ವರ್ಷಗಳಿಂದ ಪಟಗಳಿಗೆ ಕಟ್ಟು ಹಾಕುತ್ತಿರುವ ಅವನದು ಒಂದೇ ಶಿಸ್ತು. ಅಳತೆಗೆಂದು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಅಂಕಿ ಗೀಚಿಕೊಳ್ಳುವುದು, ಗಾಜು ಮುಚ್ಚುವ ಮೊದಲು ಎಲ್ಲವನ್ನೂ ಅಳಿಸುವುದು. "ನನ್ನ ಅಂಗಡಿಯಿಂದ ಹೋದ ಪಟದಲ್ಲಿ ಒಂದು ಪೆನ್ಸಿಲ್ ಗೆರೆ ತೋರಿಸಿ, ಮೀಸೆ ಬೋಳಿಸ್ತೀನಿ" ಎಂದು ಮೀಸೆ ತಿರುವುತ್ತಿದ್ದ. ಆ ದಿನ ಬೆಳಗ್ಗೆಯೂ ಹಾಗೆಯೇ ಅಳಿಸಿದ.

ಪಟ ತೋಪಜ್ಜನದು. ಸೈನ್ಯದ ತೋಪಿನ ದಳದಲ್ಲಿ ಮೂವತ್ತು ವರ್ಷ ಇದ್ದು, ಎರಡೂ ಕಿವಿಗಳನ್ನು ಅಲ್ಲೇ ಬಿಟ್ಟು ಬಂದ ಹಿರಿಯರು ಅವರು. ಹತ್ತು ವರ್ಷದ ಹಿಂದೆ ಪಟದಣ್ಣನ ಹೆಂಡತಿಗೆ ಆಪರೇಷನ್ ಆದಾಗ, ರಕ್ತ ಸಿಗದೆ ಅವನು ಆಸ್ಪತ್ರೆಯ ತುಂಬ ಓಡಾಡುತ್ತಿದ್ದಾಗ, ಯಾರೂ ಕರೆಯದೆ ಬಂದು ತೋಳು ಚಾಚಿ ಮಲಗಿದವರು. ಆ ಉಪಕಾರವನ್ನು ಹೇಗೆ ತೀರಿಸುವುದೋ ಎಂದು ಪಟದಣ್ಣ ಕಾಯುತ್ತಲೇ ಇದ್ದ. ಹಿಂದಿನ ದಿನ ಅವರೇ ಒಂದು ಉದ್ದನೆಯ ಕೊಳವೆ ಹಿಡಿದು ಬಂದಿದ್ದರು.

"ಜೋಪಾನ ಕಣೋ, ಇದು ಎಲ್ಲರ ಮನೇಲಿ ಇರೋದಲ್ಲ. ನಾಳೆ ಸಂಜೆ ಐದಕ್ಕೆ ಬರ್ತೀನಿ. ನಿನ್ನ ಹೆಂಡತೀನೂ ಇರ್ಲಿ."

ಕೊಳವೆಯೊಳಗೆ ಇದ್ದದ್ದು ಹಳೆಯ ಕಾಲದ ಯುದ್ಧದ ಚಿತ್ರ. ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಆರು ತೋಪು, ಬಾಯಿಬಾಯಿಗೂ ಹೊಗೆ, ಕೆಸರಿನಲ್ಲಿ ಹೂತ ಚಕ್ರಕ್ಕೆ ಹೆಗಲು ಕೊಟ್ಟ ಸಿಪಾಯಿಗಳು. ಪಟದಣ್ಣ ಒಳ್ಳೆಯ ಮರ ಆರಿಸಿ, ಮೂಲೆಗಳನ್ನು ಕೂದಲೂ ತೂರದಂತೆ ಕೂಡಿಸಿದ. ಹಣೆ ಒರೆಸಿಕೊಳ್ಳುವಾಗ ಪಕ್ಕದ ಟೈಲರೂ ಎದುರಿನ ಗಡಿಯಾರದವನೂ ಬಂದರು. ಹೊಸ ಪಟ ಬಂದರೆ ಅವರಿಬ್ಬರಿಗೂ ಕೈಯಲ್ಲಿ ಕೆಲಸ ನಿಲ್ಲುವುದಿಲ್ಲ.

"ಕೋಟು ಬಿಗಿಯಾಯ್ತು. ಇದನ್ನ ಹಾಕ್ಕೊಂಡು ತೋಪು ಎಳೆದ್ರೆ ಕಂಕುಳು ಹರಿಯುತ್ತೆ" ಎಂದ ಟೈಲರು.

ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಳಗಿನ ಅಂಚನ್ನು ನೋಡಿದ. "ಇಂಥವನ್ನ ಎಣಿಸಿ ಇಷ್ಟೇ ಅಂತ ಅಚ್ಚು ಹಾಕ್ತಾರೆ. ಕೆಳಗೆ ಕಲಾವಿದ ಪೆನ್ಸಿಲಲ್ಲಿ, ಇಷ್ಟರಲ್ಲಿ ಇಷ್ಟನೇದು ಅಂತ ಓರೆಗೆರೆ ಹಾಕಿ ನಂಬರು ಬರೆದು ಸಹಿ ಹಾಕಿರ್ತಾನೆ. ಅದೇ ಇದರ ಪ್ರಾಣ. ಅದಿಲ್ಲಾಂದ್ರೆ ಇದು ಕ್ಯಾಲೆಂಡರ್. ಎಲ್ಲಿ ನಂಬರು?"

ಪಟದಣ್ಣ ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ನೋಡಿದ. ಓರೆಗೆರೆ ಹಾಕಿದ ಒಂದು ಅಂಕಿ ಇದ್ದದ್ದು ನಿಜ. ಅವನೂ ಕಾಲಂಗುಲ ಅರ್ಧಂಗುಲಕ್ಕೆ ಹಾಗೆಯೇ ಓರೆಗೆರೆ ಹಾಕುವವನು. ಪಕ್ಕದಲ್ಲಿ ಒಂದು ಗೀಚೂ ಇತ್ತು. ತನ್ನ ಅಕ್ಷರವೂ ಅಷ್ಟೇ ಚೆಂದವಾದ್ದರಿಂದ ತನ್ನದೇ ಎಂದುಕೊಂಡಿದ್ದ.

"ಎಷ್ಟು ಅಂತ ಇತ್ತು, ನೆನಪು ಮಾಡ್ಕೋ" ಎಂದ ಟೈಲರು.

"ಅಳಿಸೋನು ಓದ್ತಾನೇನೋ?" ಎಂದ ಪಟದಣ್ಣ.

ಟೈಲರು ಸುಮ್ಮನಿರಲಿಲ್ಲ. ಒತ್ತಿ ಬರೆದದ್ದರ ಗುರುತು ಸೀಮೆಸುಣ್ಣ ತಿಕ್ಕಿದರೆ ಎದ್ದು ಬರುತ್ತದೆಂದು ಜೇಬಿನಿಂದ ತನ್ನ ಬಟ್ಟೆಯ ಸುಣ್ಣ ತೆಗೆದು ಉಜ್ಜಿದ. ಅಂಕಿ ಬರಲಿಲ್ಲ. ಕೈ ಜಾರಿ ಸುಣ್ಣ ಆಕಾಶಕ್ಕೆ ಮೆತ್ತಿಕೊಂಡಿತು. ಒರೆಸಿದಷ್ಟೂ ಹರಡಿತು.

"ಬಿಡು, ಅಲ್ಲಿ ಹೇಗೂ ಹೊಗೆ ಇದ್ದದ್ದೇ" ಎಂದು ಸುಣ್ಣವನ್ನು ಜೇಬಿಗೆ ಸೇರಿಸಿದ.

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ವಿಷಯ ಕೇಳಿ ಡಬ್ಬಿ ಕೆಳಗಿಟ್ಟಳು. "ನಿಜ ಹೇಳಿಬಿಡಿ. ನಾನು ಓಡಾಡ್ತಿರೋದು ಅವರ ರಕ್ತದಿಂದ. ಬೈದ್ರೆ ಇಬ್ರೂ ಬೈಸಿಕೊಳ್ಳೋಣ."

"ಚಿತ್ರದ ಸುತ್ತ ಅಗಲವಾದ ಅಂಚುರಟ್ಟು ಕತ್ತರಿಸಿ ಮುಚ್ಚಿಬಿಡು, ನಂಬರು ಒಳಗಿದೆ ಅಂದ್ಕೋತಾರೆ" ಎಂದ ಗಡಿಯಾರದವನು.

ಹೆಂಡತಿಯ ಮಾತು ಸರಿ ಎಂದು ಪಟದಣ್ಣನಿಗೆ ಗೊತ್ತಿತ್ತು. ಆದರೂ ಕೈ ರಟ್ಟಿನ ಕಡೆ ಹೋಯಿತು. ಅಂಚು ಮುಚ್ಚಿತು, ಜೊತೆಗೆ ಇಬ್ಬರು ಸಿಪಾಯಿಗಳ ಕಾಲೂ ಹೋಯಿತು.

ಸರಿಯಾಗಿ ಐದಕ್ಕೆ ತೋಪಜ್ಜ ಬಂದರು. ಪಟದ ಮುಂದೆ ಸೆಟೆದು ನಿಂತು ಒಂದೊಂದೇ ತೋಪನ್ನು ನೋಡಿದರು. "ತೋಪು ಆರಿದೆ, ಹೊಗೆ ಏಳು ಕಡೆ ಯಾಕಿದೆ?" ಎಂದರು. ಟೈಲರು ಚಾವಣಿ ನೋಡತೊಡಗಿದ.

"ಇರ್ಲಿ. ಇದು ನಂದಲ್ಲ, ನಿಂದು" ಎಂದರು ತೋಪಜ್ಜ. "ನನ್ನವಳದ್ದು ಅಂತ ಉಳಿದಿದ್ದು ಒಂದೇ ಫೋಟೋ. ನೀರಿಗೆ ಬಿದ್ದು ಗಾಜಿಗೆ ಅಂಟಿಹೋಗಿತ್ತು. ನೀನು ನಾಲ್ಕು ದಿನ ಕೂತು ಚೂರುಚೂರೇ ಬಿಡಿಸಿಕೊಟ್ಟೆ. ದಿನಾ ಬೆಳಗ್ಗೆ ಅವಳ ಮುಖ ನೋಡ್ತೀನಿ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಈ ನಂಬರೇ ಬೇಕು ಅಂತ ಕಲಾವಿದನಿಗೆ ಎರಡು ವರ್ಷ ಕಾಗದ ಬರೆದು ತರಿಸಿದೆ. ಮುಂದೆ ಮಾರಿದ್ರೆ ನಿನಗೊಂದು ಸ್ವಂತ ಅಂಗಡಿ ಆಗುತ್ತೆ."

"ಯಾವ ನಂಬರು ಅಜ್ಜ?" ಟೈಲರಿಗೆ ತಡೆಯಲಾಗಲಿಲ್ಲ. ಕೈಯಿಂದ ಸನ್ನೆಯನ್ನೂ ಮಾಡಿದ.

ತೋಪಜ್ಜ ಕೋಲೆತ್ತಿ ಬಾಗಿಲ ಮೇಲಕ್ಕೆ ತೋರಿಸಿದರು. ಅಂಗಡಿಯ ತಗಡಿನ ಸಂಖ್ಯೆ, ಇಪ್ಪತ್ತೇಳು. ಅದರ ಕೆಳಗೇ ಮೂವರೂ ಬೆಳಗ್ಗೆಯಿಂದ ಹತ್ತಾರು ಸಲ ಓಡಾಡಿದ್ದರು.

ಪಟದಣ್ಣನ ಕಣ್ಣು ತುಂಬಿತು. "ಅಜ್ಜ, ನಂಬರು ಅಳಿಸಿಬಿಟ್ಟೆ" ಎಂದ ನೆಲ ನೋಡುತ್ತ.

"ಏನು?"

"ನಂಬರು ಅಳಿಸಿಬಿಟ್ಟೆ."

"ಜೋರಾಗಿ ಹೇಳೋ."

ಪಟದಣ್ಣ ಉಸಿರು ತುಂಬಿಕೊಂಡು, ನಂಬರನ್ನೂ ಸಹಿಯನ್ನೂ ತಾನೇ ಅಳಿಸಿ ರಟ್ಟು ಮುಚ್ಚಿದ್ದೇನೆಂದು ಕೂಗಿದ. ಬೀದಿಯ ತುದಿಯ ಔಷಧಿ ಅಂಗಡಿಯವನು ಹೊರಗೆ ಬಂದು ಇಣುಕಿದ.

ತೋಪಜ್ಜ ಗಾಜನ್ನೂ ರಟ್ಟನ್ನೂ ತೆಗೆಸಿದರು. ಬೋಳು ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಶತ್ರುಗಳೂ ನಮ್ಮನ್ನ ಇಷ್ಟು ನೀಟಾಗಿ ಒರೆಸಿರ್ಲಿಲ್ಲ ಕಣೋ." ಪಟದಣ್ಣನ ಕಿವಿಯ ಹಿಂದಿದ್ದ ಪೆನ್ಸಿಲ್ ಕಿತ್ತುಕೊಂಡು ಅಂಚಿನಲ್ಲಿ ಇಪ್ಪತ್ತೇಳು ಎಂದು ಬರೆದು, ಕೆಳಗೆ 'ನನ್ನವಳ ಮುಖ ಉಳಿಸಿದವನಿಗೆ' ಎಂದು ಸೇರಿಸಿ ತಮ್ಮ ಸಹಿ ಹಾಕಿದರು.

ಪಟ ಈಗ ಅದೇ ಬಾಡಿಗೆ ಅಂಗಡಿಯ ಗೋಡೆಯಲ್ಲಿದೆ. ಬೆಲೆ ಕಟ್ಟಲು ಬಂದವನೊಬ್ಬ, ಕ್ಯಾಲೆಂಡರಿಗೆ ಸಿಗುವಷ್ಟು ಸಿಕ್ಕರೆ ಪುಣ್ಯ ಎಂದು ಹೇಳಿ ಹೋದ. ಪಟದಣ್ಣ ದಿನಾ ಬಾಗಿಲು ತೆರೆದ ಕೂಡಲೇ ಆ ಪೆನ್ಸಿಲಿನ ಸಾಲನ್ನು ಓದುತ್ತಾನೆ, ಮನಸ್ಸು ತುಂಬಿ ಬರುತ್ತದೆ. ರಬ್ಬರು ಮಾತ್ರ ಹೆಂಡತಿಯ ವಶದಲ್ಲಿದೆ. ಯಾವ ಪಟಕ್ಕೆ ಎಂದು ತೋರಿಸಿದ ಮೇಲೆಯೇ ಕೊಡುತ್ತಾಳೆ.