ನಾ ಎಣಿಸಿ ಇಳದು ರಜಿಸ್ಟ್ರಿ ರಿಪೇರಿ ಮಾಡಿದ್ದು

ಹುಬ್ಬಳ್ಳಿ-ಧಾರವಾಡ ಎರಡೂ ಊರು ಜಾಲಾಡಿದ್ರೂ, ಕಂಪ್ಯೂಟರಿನ ರಜಿಸ್ಟ್ರಿಯೊಳಗ ಮೊದಲ ಕೈ ಹಾಕಿ, ಹಾಕಿದ ಕೈ ಸುರಳೀತ ಹೊರಗ ತಗದಾಂವ ನಾನಽ. ಇದನ್ನ ಸುಳ್ಳು ಅನ್ನಾಕ ಈಗ ಇಲ್ಲಿ ಯಾರೂ ಉಳದಿಲ್ಲ. ನಾ ದುಡೀತಿದ್ದ ಕಂಪ್ಯೂಟರ್ ಅಂಗಡಿಯ ಆಗಿನ ಪ್ರೋಗ್ರಾಮರ್ ಕಂಪ್ಯೂಟರಿಗೆ ಕೈ ಮುಗದು ಕಾರವಾರಕ್ಕ ಮೀನಿನ ವ್ಯಾಪಾರಕ್ಕ ಹೋದ. ಮಾಲಕರು ಮೈಸೂರಾಗ ಮನಿ ಮಾಡ್ಯಾರ. ಆ ಕಂಪ್ಯೂಟರ್ ಗುಜರಿಗೆ ಹೋತು, ಆ ಕಟ್ಟಡಾನ ಕೆಡವಿದ್ರು. ಉಳದಾಂವ ನಾ ಒಬ್ಬ, ಮತ್ತ ನಾ ಅಂತೂ ಸುಳ್ಳು ಹೇಳೂ ಪೈಕಿ ಅಲ್ಲ.

ಸುಮ್ಮನ ಚಹಾದ ಕೆಟ್ಲಿ ಹಿಡಕೊಂಡು ಮೂಲ್ಯಾಗ ನಿಂತ್ರೂ ಇಂಥಾ ಪ್ರಸಂಗ ನನ್ನ ಹುಡಿಕ್ಕೊಂಡು ಬರತಿದ್ವು. ಈಗ ಸಂಜಿಮುಂದ ನವನಗರದ ಹಾಲಿನ ಬೂತಿನ ಕಟ್ಟಿ ಮ್ಯಾಲ ಕುಂತು ಅವನ್ನ ಹೇಳತೇನಿ. ಹಾಲಿನ ಗಾಡಿ ಬರೂತನಕ ಯಾರೂ ಎದ್ದು ಹೋಗೂ ಹಂಗಿಲ್ಲ, ಅದಕ್ಕ ಆ ಜಾಗಾ ನನಗ ಭಾಳ ಸೇರತೈತಿ.

ಆ ಅಂಗಡಿ ದೇಶಪಾಂಡೆ ನಗರದಾಗ ಒಂದು ಮಾಳಿಗಿ ಮ್ಯಾಲ ಇತ್ತು. ತೊಂಬತ್ತೇಳು-ತೊಂಬತ್ತೆಂಟರ ಮಾತು. ಕೀಲಿ ತಗಿಯೂದು, ಕಸಾ ಹೊಡಿಯೂದು, ಚಹಾ ತರೂದು, ಎಸಿ ರೂಮಿನ ಹೊರಗ ಬಿಟ್ಟ ಚಪ್ಪಲಿ ಕಾಯೂದು, ಇವು ನನ್ನ ಕೆಲಸ. ಒಳಗ ಜಾತಕ ಕೂಡಿಸೂ ಪ್ರೋಗ್ರಾಮ್ ಬರೀತಿದ್ರು. ಯಾಕ ಜಾತಕ? ಮಾಲಕರಿಗೆ ಮೂವತ್ತಾರು ವರ್ಷ ಆಗಿತ್ತು, ಮದುವಿ ಇರಲಿಲ್ಲ. ಅವರ ತಾಯಿ ಧಾರವಾಡದ ಖಡಕ್ ಮನಶಾಳು. ಗುಣ ಕೂಡಲಿಲ್ಲ ಅಂತ ಹನ್ನೊಂದು ಕನ್ಯಾ ವಾಪಸ್ ಕಳಿಸಿದ್ರು. ಮಾಲಕರು ಬ್ಯಾಸತ್ತು, "ಪಂಚಾಂಗದವರು ಸಾಕು, ಇನ್ನ ಕಂಪ್ಯೂಟರ್ ಕೂಡಸತದ, ಅದು ಹೂಂ ಅಂದ್ರ ನೀ ಹೂಂ ಅನ್ನಬೇಕು" ಅಂತ ತಾಯಿ ಕಡೆ ಮಾತು ತಗೊಂಡಿದ್ರು. ಅಂದ್ರ ಆ ಪ್ರೋಗ್ರಾಮ್ ನಡದ್ರ ಮಾಲಕರ ಮದುವಿ. ಇಲ್ಲಂದ್ರ ಜನುಮಪೂರ್ತಿ ತಾಯಿ ಮಾಡಿದ ಉಪ್ಪಿಟ್ಟು.

ರಜಿಸ್ಟ್ರಿ ಅಂದ್ರ ಕಂಪ್ಯೂಟರಿನ ಹೊಟ್ಟಿಯೊಳಗಿನ ಒಂದು ದೊಡ್ಡ ಪಟ್ಟಿ. ಯಾವ ಪ್ರೋಗ್ರಾಮ್ ಯಾವಾಗ ಏಳಬೇಕು, ಮೌಸ್ ಯಾವ ಕೈಗೆ ಬಗ್ಗಬೇಕು, ತಾರೀಖು ಹೆಂಗ ಓದಬೇಕು, ಎಲ್ಲಾ ಅದರಾಗ ಬರದಿರತೈತಿ. ಹೆಚ್ಚುಕಮ್ಮಿ ಆದ್ರ ಮಶೀನ್ ಮಲಗಿದ್ದು ಏಳೂದಿಲ್ಲ ಅಂತ ಪ್ರೋಗ್ರಾಮರ್ ಅದನ್ನ ತಗದಾಗೆಲ್ಲಾ ಬೆವರತಿದ್ದ, ಎಸಿಯೊಳಗ. ನಾ ಹಿಂದ ನಿಂತು ನೋಡತಿದ್ದೆ. ನನ್ನ ಸಾಲಿ ಎರಡನೇತ್ತಾಕ ಮುಗದೈತಿ. ಕನ್ನಡ ಅಂಗಡಿ ಬೋರ್ಡ್ ನೋಡಿ ಕಲತೆ, ಅಂಕಿ ಬಸ್ಸಿನ ನಂಬರ್ ನೋಡಿ ಕಲತೆ, ಇಂಗ್ಲಿಷ್ ಮಾತ್ರ ಬರೂದಿಲ್ಲ. ಆದ್ರ ಪರದೆ ಮ್ಯಾಲ ಹಳದಿ ಖಾನೆ ಒಂದರ ಕೆಳಗ ಒಂದು ಸಾಲಾಗಿ ನಿಂತಿದ್ವು, ಥೇಟ್ ಬಸ್ ಸ್ಟಾಪ್ ಇದ್ದಂಗ. ಸ್ಟಾಪ್ ಎಣಿಸಿ ಇಳಿಯೂದು ನನಗೇನು ಹೊಸಾದೇನು? ಮೂರನೇ ಖಾನೆ ತಗಿ, ಹದಿನೇಳು ಇಳಿ, ಒಳಗ ಹೋಗು, ಮತ್ತ ನಾಕು ಇಳಿ. ಸೊನ್ನಿ ಇದ್ರ ಒಂದು ಮಾಡು, ಒಂದಿದ್ರ ಸೊನ್ನಿ ಮಾಡು. ಅಂವಗ ಓದಾಕ ಬರತಿತ್ತು, ಅದಕ್ಕ ಅಂಜತಿದ್ದ. ನನಗ ಓದಾಕ ಬರತಿರಲಿಲ್ಲ, ಅಂಜಿಕಿ ಎಲ್ಲಿಂದ ಬರಬೇಕು?

ವಕೀಲರಿಗೆ ಕನ್ಯಾ

ನಮ್ಮ ಪ್ರೋಗ್ರಾಮ್ ಮೊದಲ ತಗೊಂಡವರು ಓಣಿಯೊಳಗಿನ ಒಬ್ರು ವಕೀಲರು, ತಂಗಿಗೆ ವರ ನೋಡಾಕ. ತಂಗಿ ಮದುವಿ ಆಗಿ ಹೋದ್ಲು, ಪ್ರೋಗ್ರಾಮ್ ಹೋಗಲಿಲ್ಲ. ದಿನಾ ಮುಂಜಾನೆ ಕಂಪ್ಯೂಟರ್ ಹಚ್ಚಿದ ಕೂಡಲೇ, ಕೋರ್ಟಿನ ಕಾಗದ ತಗಿಯೂದಕ್ಕಿಂತ ಮೊದಲ, ಅದು ಎದ್ದು ಕುಂತು ಕನ್ನಡದಾಗ ಕೇಳತಿತ್ತು: "ವರನ ಹೆಸರು? ಕನ್ಯಾ ಎಂಥಾದು ಬೇಕು?"

ವಕೀಲರಿಗೆ ಮದುವ್ಯಾಗಿ ಎರಡು ಮಕ್ಕಳು. ಹೆಂಡ್ತಿ ಚಹಾ ತಂದಾಗೆಲ್ಲಾ ಪರದೆ ಮ್ಯಾಲ ಇದಽ ಪ್ರಶ್ನೆ.

ನಾಕನೇ ದಿನಾ ವಕೀಲರು ನಮ್ಮ ಮೆಟ್ಟಿಲ ಮ್ಯಾಲ ಬಂದು ನಿಂತ್ರು. "ನನ್ನ ಸಂಸಾರ ಉಳಸ್ರಿ! ನಾ ಕೇಸ್ ಬಿಟ್ಟು ಮನ್ಯಾಗ ಸಾಕ್ಷಿ ಹೇಳಾಕತ್ತೇನಿ!"

ಪ್ರೋಗ್ರಾಮರ್ ತಲಿ ಕೆರಕೊಂಡ. ಟೆಸ್ಟ್ ಮಾಡಾಕ ಸರಳ ಆಗಲಿ ಅಂತ, ಮಶೀನ್ ಎದ್ದ ಕೂಡಲೇ ಪ್ರೋಗ್ರಾಮೂ ಏಳಬೇಕು ಅಂತ ಅಂವಽ ರಜಿಸ್ಟ್ರಿಯೊಳಗ ಒಂದು ಸಾಲು ಬರದು ಮರತಿದ್ದ. "ಹೊಸಾ ಪ್ರೋಗ್ರಾಮ್ ಬರದು ಕೊಡತೇನ್ರಿ, ಎಂಟು ದಿನ ಆಗತೈತಿ" ಅಂದ. ಎಂಟು ದಿನದಾಗ ವಕೀಲರ ಸಂಸಾರ ಉಳಿಯೂ ಹಂಗ ಇರಲಿಲ್ಲ. ನಾ ಸೈಕಲ್ ಹತ್ತಿ ಹೋದೆ. ಎಣಿಸಿ ಇಳದೆ, ಆ ಸಾಲು ಅಳಿಸಿದೆ, ಬಂದ್ ಮಾಡಿ ಮತ್ತ ಹಚ್ಚಿದೆ. ಕಂಪ್ಯೂಟರ್ ಬಾಯಿ ಮುಚ್ಚಿಕೊಂಡು ಎದ್ದಿತು. ವಕೀಲರು ನನ್ನ ಕೈ ಹಿಡಕೊಂಡು ಕಣ್ಣೀರು ಹಾಕಿದ್ರು.

ಹೊರಗ ಬಂದು ಸೈಕಲ್ ತಗಿಯಾಕತ್ತೇನಿ, ವಕೀಲರ ಹೆಂಡ್ತಿ ಬಾಗಲಿಗೆ ಬಂದು, ಒಳಗ ಒಂದು ಸಲ ನೋಡಿ, ಸಣ್ಣ ದನಿಯೊಳಗ ಕೇಳಿದ್ರು: "ಕಾಕಾ, ಅದರಾಗ ಹೆಣ್ಣಿನ ಕಡೇವರಿಗೂ ಒಂದು ಫಾರ್ಮ್ ಐತೇನ್ರಿ?"

ಎಡಗೈ

ಎಣಿಕಿಗೆ ಒಂದಽ ದೋಷ. ನಡುವ ಯಾರರೆ ಹೊಸಾ ಖಾನೆ ಸೇರಿಸಿದ್ರ ಲೆಕ್ಕ ಒಂದು ಜಾರತೈತಿ.

ಒಂದಿನ ಕೀಬೋರ್ಡ್ ತಡಾ ಮಾಡಿ ಅಕ್ಷರ ಮೂಡಸಾಕತ್ತಿತು. "ಕ" ಒತ್ತಿ ಚಹಾ ಕುಡದು ಬಂದ್ರ ಆಗ "ಕ" ಬರತಿತ್ತು. ಪ್ರೋಗ್ರಾಮರ್ ಊಟಕ್ಕ ಹೋದಾಗ ನಾ ಒಳಗ ಹೊಕ್ಕು, ಎಣಿಸಿ ಇಳದು, ಸೊನ್ನಿ ಇದ್ದದ್ದನ್ನ ಒಂದು ಮಾಡಿ ಬಂದೆ. ಅಂವ ಹಿಂದಿನ ದಿನಾ ಏನೋ ಹೊಸಾದು ಹಾಕಿದ್ದ, ನನಗೇನು ಗೊತ್ತು? ಕೀಬೋರ್ಡಿನ ಮನಿ ಬಿಟ್ಟು ಮಗ್ಗಲದ ಮೌಸಿನ ಮನಿ ಹೊಕ್ಕಿದ್ದೆ.

ಊಟಾ ಮಾಡಿ ಬಂದಾಂವಗ ಮೌಸ್ ಮಾತು ಕೇಳವಲ್ಲದು. ಎಡಗಡೆ ಒತ್ತಿದ್ರ ಬಲಗಡೆ ಕೆಲಸಾ ಮಾಡತೈತಿ. ಮೌಸ್ ತಿರುವಿ ಹಿಡದ, ಅದರ ಹೊಟ್ಟಿ ತಗದು ಒಳಗಿನ ರಬ್ಬರ್ ಉಂಡಿ ತೊಳದ, ಕಡೀಕ ತಾನಽ ಕುರ್ಚಿ ತಿರುವಿ ಗ್ವಾಡಿ ಕಡೆ ಮಾರಿ ಮಾಡಿ ಕುಂತ.

ಅಷ್ಟರಾಗ ಮಾಲಕರು ಬಂದು ಮೌಸ್ ಹಿಡದ್ರು. ಅವರು ಎಡಗೈ ಮನಶಾ. ಐದು ನಿಮಿಷ ಅದನ್ನ ಆಡಿಸಿ ನೋಡಿದ್ರು, ಆಮ್ಯಾಲ ಮಾರಿ ಅರಳಿತು. "ಎಷ್ಟ ಛಂದ ನಡೀಲಿಕ್ಕತ್ತದೋ ಇದು! ಇಷ್ಟು ವರ್ಷದಾಗ ಯಾರೂ ನನ್ನ ಕೈಗೆ ಹೊಂದೂ ಹಂಗ ಮಾಡಿ ಕೊಟ್ಟಿರಲಿಲ್ಲ. ಯಾರು ಮಾಡಿದ್ದು ಇದನ್ನ?"

ನಾ ಚಹಾ ಕಪ್ಪು ಇಟ್ಟು ಅಂದೆ, "ನಿಮ್ಮ ಕೈ ನೋಡಿ ನನಗಽ ಸಂಕಟ ಆಗತಿತ್ತು ಬಿಡ್ರಿ."

ಗಬ್ಬೂರಿನ ಹಗ್ಗ

ಅದಾದ ಮ್ಯಾಲ ನಾ ಇಲ್ಲದ ಯಾರೂ ರಜಿಸ್ಟ್ರಿ ತಗೀತಿರಲಿಲ್ಲ. ಒಮ್ಮೆ ಗಬ್ಬೂರಾಗ ನಮ್ಮ ಬೀಗರ ಮನ್ಯಾಗ ನಿಶ್ಚಯ ಕಾರ್ಯಕ್ಕ ಹೋಗಿದ್ದೆ. ಅಂಗಡಿಯೊಳಗ ಏನರೆ ಐತೇನು ಅಂತ ಕೇಳಾಕ ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದೆ. ಪ್ರೋಗ್ರಾಮರ್ ಅಳೂದೊಂದಽ ಬಾಕಿ. "ಕಾಕಾ, ಮಾಲಕರ ಅವ್ವಾರು ಹನ್ನೆರಡನೇ ಕನ್ಯಾದ ಜಾತಕ ಹಿಡಕೊಂಡು ಬಂದು ಕುಂತಾರ್ರಿ. ಪ್ರೋಗ್ರಾಮ್ ಏಳವಲ್ಲದು! ಹಳೇ ಫೈಲಿನ ದಾರಿ ಹಿಡಕೊಂಡು ಅಲ್ಲೇ ತಿರಗಾಕತ್ತೈತಿ!"

ನಾ ಅಂದೆ, "ಅಂಜಬ್ಯಾಡ. ನಾ ಹೇಳಿದಂಗ ಇಳಿ."

ಲೈನ್ ಖರಖರ ಅಂತಿತ್ತು, ನಾ ಒದರತಿದ್ದೆ. "ಕೆಳಗ ಇಳಿ! ಇನ್ನೂ ಇಳಿ! ಹದಿನೇಳು ಇಳಿ! ಕೈ ಗಟ್ಟಿ ಹಿಡಿ! ಈಗ ಒಳಗ ಹೊಕ್ಕೋ! ಕತ್ತಲ ಆದ್ರ ಹೆದರಬ್ಯಾಡ, ಪರದೆ ಮತ್ತ ಬರತೈತಿ! ನಾಕು ಇಳಿ! ನಿಂದ್ರು, ಅಲ್ಲೇ ನಿಂದ್ರು! ಹಳೇದನ್ನ ಬಿಟ್ಟು ಬಿಡು!"

ರಿಸೀವರ್ ಇಟ್ಟು ತಿರುಗಿ ನೋಡತೇನಿ, ಬೂತಿನ ಮುಂದ ಅರ್ಧಾ ಗಬ್ಬೂರ ಕೂಡೈತಿ. ಒಬ್ಬಾಂವ ಬಾವಿ ಹಗ್ಗ ಹೆಗಲಿಗೆ ಹಾಕ್ಕೊಂಡಾನ, ಇನ್ನೊಬ್ಬಾಂವ ಬುಟ್ಟಿ ತಂದಾನ, ಒಬ್ಬಾಕಿ ಸೆರಗಿಲೆ ಕಣ್ಣು ಒರಸಾಕತ್ತಾಳ.

"ಯಾವ ಬಾವಿರಿ? ಜೀವಂತ ಅದಾನೇನ್ರಿ?" ಅಂದ ಹಗ್ಗದಾಂವ.

"ಅದಾನ್ರಿ," ಅಂದೆ, "ತಳಾ ಮುಟ್ಯಾನ. ಈಗ ಜಾತಕಾ ಕೂಡಸಾಕತ್ತಾನ."

ಹಗ್ಗದಾಂವ ಹಗ್ಗ ಕೆಳಗಿಟ್ಟು ತಲಿ ಮ್ಯಾಲ ಕೈ ಹೊತ್ತ. "ಅಷ್ಟು ಆಳದಾಗ ಬಿದ್ದ ಮ್ಯಾಲೂ ಮದುವಿ ಆಶಾ ಬಿಟ್ಟಿಲ್ಲಲ್ರಿ!"

ಪ್ರೋಗ್ರಾಮ್ ಎದ್ದಿತ್ತು. ಮೂವತ್ತಾರು ಗುಣದಾಗ ಹನ್ನೊಂದು ಕೂಡಿದ್ವು. ಕಮ್ಮೀತ ಕಮ್ಮಿ ಹದಿನೆಂಟು ಬೇಕು. ಅವ್ವಾರು ಕನ್ಯಾದ ಕಾಗದ ಮಡಚಿ ಚೀಲದಾಗ ಹಾಕ್ಕೊಂಡು ಹೋದ್ರು. ತಮ್ಮ ಪ್ರೋಗ್ರಾಮ್ ಸರಿ ನಡೀತು ಅಂತ ಅತ್ತ ಮಾಲಕರು ಅಂದ್ರ ನಮ್ಮವರೊಬ್ಬರಽ.

ಹದಿಮೂರನೇ ಕನ್ಯಾ

ನಮ್ಮ ಕೆಳಗಿನ ಮಾಳಿಗ್ಯಾಗ ಟೈಪಿಂಗ್ ಕ್ಲಾಸ್ ಇತ್ತು. ಕಲಿಸಾಕಿ ಮೂವತ್ತು-ಮೂವತ್ತೊಂದರ ಹುಡುಗಿ, ಬಾಯಿ ಭಾಳ ಚುರುಕು. ನಮ್ಮ ಎಸಿ ನೀರು ಆಕಿ ಕಿಡಕಿಯೊಳಗ ಸೋರಿ ಟೈಪ್‌ರೈಟರ್ ಮ್ಯಾಲ ಬೀಳತಿತ್ತು. ದಿನಾ ಮ್ಯಾಲ ಬಂದು ಮಾಲಕರ ಜೋಡಿ ಜಗಳಾ ತಗೀತಿದ್ಲು.

"ನಿಮ್ಮ ಮಶೀನಿಗೆ ಥಂಡಿ ಬೇಕು, ನಮ್ಮ ಮಶೀನಿಗೆ ಸ್ನಾನ ಮಾಡಸತೀರೇನ್ರಿ?"

ಮಾಲಕರು ಎಸಿ ರಿಪೇರಿ ಮಾಡಸ್ತೀನಿ ಅಂತಿದ್ರು, ಮಾಡಸತಿರಲಿಲ್ಲ. ಮೂರನೇ ತಿಂಗಳಕ್ಕ ನನಗ ತಿಳೀತು. ಎಸಿ ಛಲೋ ಆದ್ರ ಆಕಿ ಮ್ಯಾಲ ಬರೂದು ನಿಂದರತೈತಲ್ಲ!

ಕಡೀಕ ಮಾಲಕರು ತಾಯಿ ಮುಂದ ಬಾಯಿ ಬಿಟ್ರು. ಅವ್ವಾರು ಅಂದ್ರು, "ಹುಡುಗಿ ನನಗೂ ಸೇರ್ಯಾಳ. ಆದರ ನಿನ್ನ ಕಂಪ್ಯೂಟರ್ ಹೇಳಲಿ. ಇದು ಕಡೀದು ನೋಡಪಾ. ಇದೂ ಕೂಡಲಿಲ್ಲಂದ್ರ ನಾ ಮತ್ತ ಮದುವಿ ಸುದ್ದಿ ತಗಿಯಾಂಗಿಲ್ಲ."

ಮಾಲಕರು ಕುಂತು ಹುಡುಗಿ ವಿವರ ಹೊಡದ್ರು. ಬಂದದ್ದು ಒಂಬತ್ತು ಗುಣ. ಮಾಲಕರ ಮಾರಿ ಸುಣ್ಣ ಬಳದ ಗ್ವಾಡಿ ಆತು. ಅವ್ವಾರಿಗೂ ಯಾಕೋ ಕಸಿವಿಸಿ ಆತು. "ನಾಳೆ ಗುರುವಾರ. ಸ್ನಾನಾ ಮಾಡಿ ಬಂದು ಇನ್ನೊಂದು ಸಲ ಕೂಡಸೋಣ" ಅಂದ್ರು. ಹೋಗೂಮುಂದ ಬಾಗಲದಾಗ ನಿಂತು ಸೇರಿಸಿದ್ರು, "ಹುಡುಗಿನೂ ಬರಲಿ. ನೀ ಒಬ್ಬನಽ ಕುಂತು ಏನರೆ ಕಿತಾಪತಿ ಮಾಡಬ್ಯಾಡ."

ಕಿತಾಪತಿ ಮಾಡಾಕ ನಾ ಇದ್ದೆನಲ್ಲ.

ಎಲ್ಲಾರೂ ಹೋದ ಮ್ಯಾಲ ಕೀಲಿ ಹಾಕೂದಕ್ಕಿಂತ ಮೊದಲ ಮಶೀನಿನ ಮುಂದ ಕುಂತೆ. ನಾವು ಮೊದಲ ದಿನಾ ಬರದು ಆಮ್ಯಾಲ ತಿಂಗಳು ಬರೀತೇವಿ. ಅಮೆರಿಕಾದವರು ಮೊದಲ ತಿಂಗಳು, ಆಮ್ಯಾಲ ದಿನಾ. ಕಂಪ್ಯೂಟರ್ ಯಾರ ಪದ್ಧತಿ ಹಿಡೀಬೇಕು ಅನ್ನೂದು ರಜಿಸ್ಟ್ರಿಯೊಳಗ ಒಂದಽ ಅಂಕಿ ಮ್ಯಾಲ ನಿಂತೈತಿ. ಅದನ್ನ ತಿರುವಿದ್ರ ಮಾರ್ಚ್ ಐದಕ್ಕ ಹುಟ್ಟಿದಾಂವ ಮೇ ಮೂರಕ್ಕ ಹುಟ್ಟತಾನ. ನಕ್ಷತ್ರ ಬ್ಯಾರೆ, ರಾಶಿ ಬ್ಯಾರೆ, ಗುಣಾನೂ ಬ್ಯಾರೆ. ನಾ ಎಣಿಸಿ ಇಳದೆ. ಒಂದು ಇತ್ತು. ಕುಲದೇವರನ್ನ ನೆನದು ಸೊನ್ನಿ ಮಾಡಿದೆ.

ಮರುದಿನಾ ಮುಂಜಾನೆ ಎಲ್ಲಾರೂ ಚಪ್ಪಲಿ ಹೊರಗ ಬಿಟ್ಟು ಒಳಗ ಬಂದ್ರು. ಮತ್ತ ವಿವರ ಹೊಡದ್ರು. ಮೂವತ್ತೊಂದು ಗುಣ! ಅವ್ವಾರು ಪರದೆಗೆ ಕೈ ಮುಗದ್ರು. ಮಾಲಕರು ಮಗ್ಗಲದ ಕುರ್ಚಿ ಮ್ಯಾಲ ಕುಂತಾವರು ಕುರ್ಚಿ ಸಮೇತ ತಿರುಗಿದ್ರು. ಎರಡು ತಿಂಗಳದಾಗ ಮದುವಿ ಆತು, ನಾ ಮೊದಲನೇ ಪಂಕ್ತಿಯೊಳಗ ಕುಂತು ಉಂಡೆ.

"ಒಂದು ಸೊನ್ನಿಲೆ ಒಂದು ಸಂಸಾರ ಕಟ್ಟೇನಿ!" ಅಂತ ಮೊನ್ನೆ ಸಂಜಿಮುಂದ ಹಾಲಿನ ಬೂತಿನ ಕಟ್ಟಿ ಮ್ಯಾಲ ಹೇಳಿ ಮುಗಿಸಿದೆ. ಕುಂತಾವರು ಎಲ್ಲಾ ಭೇಷ್ ಭೇಷ್ ಅಂದ್ರು.

ಬೂತಿನಾಕಿ ಮಾತ್ರ ಅನಲಿಲ್ಲ. ದಿನಾ ಹಾಲಿನ ಪಾಕೀಟಿನ ಮ್ಯಾಲಿನ ತಾರೀಖು ನೋಡಿ ನೋಡಿ ಆಕಿಗೆ ತಾರೀಖಿನ ಚಟಾ ಹತ್ತೈತಿ. ಕಿಡಕಿಯಿಂದ ತಲಿ ಹೊರಗ ಹಾಕಿ ಕೇಳಿದ್ಲು:

"ಕಾಕಾ, ಆ ಹುಡುಗಿ ಹುಟ್ಟಿದ ತಾರೀಖು ನೆನಪೈತೇನ್ರಿ?"

"ನೆನಪಿಲ್ಲದ ಏನು ತಂಗಿ! ಎಂಟನೇ ತಿಂಗಳ ಎಂಟನೇ ತಾರೀಖು. ಮರೀಬೇಕಂದ್ರೂ ಮರಿಯೂ ಹಂಗಿಲ್ಲ."

"ಮತ್ತ ಮಾಲಕರದು?"

"ಜನವರಿ ಇಪ್ಪತ್ತಾರು. ಝಂಡಾ ಹಾರಸೂ ದಿನಾ."

ಆಕಿ ಬೆರಳು ಮಡಚಿ ಎಣಿಸಿದ್ಲು. "ಎಂಟು-ಎಂಟು ತಿರುವಿದ್ರೂ ಎಂಟು-ಎಂಟಽ ಅಲ್ರಿ. ಇನ್ನ ಇಪ್ಪತ್ತಾರನೇ ತಿಂಗಳು ಅಮೆರಿಕಾದಾಗೂ ಇಲ್ಲ. ನೀವು ತಿರುವಿದ್ರಿಂದ ಏನು ಬದಲಾತ್ರಿ?"

ಕಟ್ಟಿ ಮ್ಯಾಲ ಇದ್ದಾವರೆಲ್ಲಾ ನನ್ನ ಮಾರಿ ನೋಡಾಕತ್ರು. ಹಾಲಿನ ಗಾಡಿ ಆವತ್ತಽ ತಡಾ ಮಾಡಬೇಕೇನು?

"ಒಂದು ಹೇಳ್ರಿ," ಅಂದ್ಲು ಆಕಿ, "ಮೊದಲನೇ ದಿನಾ ವಿವರ ಹೊಡದವರು ಮಾಲಕರು. ಹೆಂಗ ಹೊಡದ್ರು?"

"ಪಾಪ, ಕೈ ಗಡಗಡ ನಡಗತಿತ್ತು. ಮೂರು ಸಲ ತಪ್ಪಿ ನಾಕನೇ ಸಲ ಹೊಡದ್ರು."

"ಎರಡನೇ ದಿನಾ ಹೊಡದವರು?"

"ಅವ್ವಾರು ಮಗನ್ನ ಎಬ್ಬಿಸಿ ಹುಡುಗಿನ್ನಽ ಕುಂದರಿಸಿದ್ರು. ಟೈಪಿಂಗ್ ಕಲಿಸಾಕಿ! ಕಣ್ಣು ಮುಚ್ಚಿ ಹೊಡದ್ಲು, ಒಂದು ಅಕ್ಷರ ತಪ್ಪಿದ್ರ ಕೇಳು."

ಅಂದ ಮ್ಯಾಲ ನನಗಽ ತಿಳೀತು, ಮೊದಲನೇ ದಿನದ ಒಂಬತ್ತು ಗುಣ ಮಾಲಕರು ತಪ್ಪಿ ಹೊಡದದ್ದಕ್ಕ ಬಂದಿದ್ವು ಅಂತ. ಆದ್ರ ಮಾತು ಬಾಯಿ ದಾಟಿತ್ತು. ಕಟ್ಟಿ ಮ್ಯಾಲ ಒಬ್ಬಾಂವ ಕೆಮ್ಮಿದ, ಇನ್ನೊಬ್ಬಾಂವ ಟೊಪಗಿ ಅಡ್ಡ ಹಿಡಕೊಂಡು ನಕ್ಕ.

"ಹಂಗಾರ ಆ ಮದುವ್ಯಾಗ ನೀವು ಮಾಡಿದ್ದೇನ್ರಿ ಕಾಕಾ?" ಅಂದ್ಲು ಬೂತಿನಾಕಿ.

ನಾ ಹೆಗಲು ಹಾರಿಸಿದೆ. "ಅಡ್ಡ ಅಂತೂ ಬರಲಿಲ್ಲಲ್ಲ, ತಂಗಿ!"